ಒಬ್ಬಳೇ ನಡೆಯುವಾಗ ಒಣಗಿಸಿದ ಊಟ: ಒಂದು ಹೊತ್ತಿಗೆ ಎಷ್ಟು ಗ್ರಾಂ ಕಟ್ಟಿಕೊಳ್ಳಬೇಕು?

ಕೋಡಿಬಾಗದವಳು, ಕಾರವಾರ

ನಮಸ್ಕಾರ. ಒಂದು ಲೆಕ್ಕ ಕೇಳುವುದಿದೆ. ಕಳೆದ ಸಲ ಇದೇ ಲೆಕ್ಕ ತಪ್ಪಿ ಎರಡು ರಾತ್ರಿ ನನಗೆ ಸರಿಯಾಗಿ ಊಟ ಆಗಲಿಲ್ಲ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನನಗೆ 29 ವರ್ಷ, ತೂಕ 54 ಕೆಜಿ. ಕಳೆದ ಅಕ್ಟೋಬರ್‌ನಲ್ಲಿ ಹಿಮಾಚಲಕ್ಕೆ ಹೋಗಿ ನಾಲ್ಕು ದಿನ ಒಬ್ಬಳೇ ನಡೆದೆ. ಟೆಂಟ್, ಗ್ಯಾಸ್ ಸ್ಟೋವ್, ಊಟ ಎಲ್ಲ ಬೆನ್ನ ಮೇಲೆ. ಮೊದಲೆರಡು ರಾತ್ರಿಗೆ ಅಂಗಡಿಯಿಂದ ತಂದ ಒಂದು ಪ್ಯಾಕೆಟ್ ಇತ್ತು. ಇಬ್ಬರಿಗೆ ಆಗುತ್ತದೆ ಅಂತ ಮೇಲೆ ಬರೆದಿತ್ತು. ನಾನು ಒಬ್ಬಳೇ ಅಲ್ವಾ, ಅರ್ಧ ಇವತ್ತು, ಅರ್ಧ ನಾಳೆ ಅಂದುಕೊಂಡೆ. ಮೊದಲ ರಾತ್ರಿ ಅರ್ಧ ತಿಂದು ಮಲಗಿದೆ, ಒಂದು ಗಂಟೆಗೆ ಹಸಿವಿನಿಂದ ಎಚ್ಚರ ಆಯಿತು. ಆಮೇಲೆ ನಿದ್ದೆ ಬರಲಿಲ್ಲ. ಮಡಚಿಟ್ಟ ಉಳಿದರ್ಧ ಮರುದಿನ ತೇವ ಎಳೆದುಕೊಂಡು ಉಂಡೆ ಕಟ್ಟಿತ್ತು.

ಉಳಿದೆರಡು ರಾತ್ರಿಗೆ ನಾನೇ ಮಾಡಿದ್ದ ಬಿಸಿಬೇಳೆ ಭಾತ್. ಮನೆಯಲ್ಲಿ ಸಣ್ಣ ಡಿಹೈಡ್ರೇಟರ್ (ಬಿಸಿಗಾಳಿಯಲ್ಲಿ ಊಟ ಒಣಗಿಸುವ ಯಂತ್ರ) ಇದೆ, ಆರು ಟ್ರೇದು. ದೊಡ್ಡ ಪಾತ್ರೆಯಲ್ಲಿ ಮಾಡಿ, ಒಣಗಿಸಿ, ಎಲ್ಲ ಒಂದೇ ಡಬ್ಬಿಗೆ ಸುರಿದೆ. ಒಂದು ಹೊತ್ತಿಗೆ ಒಂದು ಲೋಟ ಅಂತ ಲೆಕ್ಕ. ಮೂರನೇ ರಾತ್ರಿಯ ಲೋಟದಲ್ಲಿ ಬರೀ ಅನ್ನ, ಕ್ಯಾರೆಟ್. ಸಪ್ಪೆ. ನಾಲ್ಕನೇ ರಾತ್ರಿಯದ್ದು ಬೇಳೆ ಪುಡಿ, ಉಪ್ಪು, ಖಾರ. ಎಷ್ಟು ನೀರು ಹಾಕಿದರೂ ಬಾಯಿಗೆ ಇಡಲಾಗಲಿಲ್ಲ. ಹೊರಗೆ ಚೆಲ್ಲಲು ಮನಸ್ಸು ಒಪ್ಪಲಿಲ್ಲ. ಕವರಿಗೆ ತುಂಬಿ ಕೆಳಗೆ ಹೊತ್ತು ತಂದೆ.

ಜೊತೆಯಲ್ಲಿ ಯಾರಾದರೂ ಇದ್ದರೆ ಉಳಿದದ್ದು ಅವರಿಗೆ ಕೊಡಬಹುದು, ಕಡಿಮೆ ಬಿದ್ದರೆ ಕೇಳಬಹುದು. ಒಬ್ಬರೇ ಹೋದಾಗ ಎರಡೂ ಇಲ್ಲ.

ಈ ಸೆಪ್ಟೆಂಬರ್‌ನಲ್ಲಿ ಲಡಾಖಿನ ಮಾರ್ಖಾ ಕಣಿವೆಯಲ್ಲಿ ಆರು ದಿನ ನಡೆಯಬೇಕು ಅಂತಿದ್ದೇನೆ. ದಾರಿಯ ಊರುಗಳಲ್ಲಿ ಹೋಮ್‌ಸ್ಟೇ ಇವೆ, ಗೊತ್ತು. ಆದರೂ ನನ್ನ ಊಟ ನಾನೇ ಹೊತ್ತು, ನಾನೇ ಮಾಡಿ ತಿನ್ನಬೇಕು ಅನ್ನುವ ಆಸೆ ಬಹಳ ದಿನದ್ದು. ಒಬ್ಬರ ಒಂದು ಹೊತ್ತಿಗೆ ಒಣಗಿಸಿದ ಊಟ ಎಷ್ಟು ಗ್ರಾಂ ಬೇಕು? ಲೋಟದ ಬದಲು ಯಾವುದರಲ್ಲಿ ಅಳೆಯಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ಅಟ್ಟದಮನೆ, ಶಿರಸಿ

ತಂಗೀ, ತಪ್ಪಿದ್ದು ಲೋಟ ಅಲ್ಲ, ಡಬ್ಬಿ.

ಮನೆಯಲ್ಲಿ ಅವಲಕ್ಕಿ ಚೂಡಾ ಮಾಡಿ ಡಬ್ಬಿಗೆ ಹಾಕಿಟ್ಟರೆ ಕೊನೆಗೆ ತಳದಲ್ಲಿ ಏನು ಉಳಿಯುತ್ತದೆ? ಉಪ್ಪು, ಖಾರ, ಶೇಂಗಾ. ನಿನ್ನ ಬಿಸಿಬೇಳೆಗೂ ಅದೇ ಆಗಿದೆ. ಕಾರವಾರದಿಂದ ಹಿಮಾಚಲದವರೆಗೆ ರೈಲು, ಬಸ್ಸು, ಆಮೇಲೆ ನಿನ್ನ ಬೆನ್ನು. ಅಷ್ಟು ದೂರ ಅಲ್ಲಾಡಿದ ಮೇಲೆ ಸಣ್ಣದೆಲ್ಲ ಕೆಳಗೆ ಇಳಿಯಿತು, ದೊಡ್ಡದು ಮೇಲೆ ನಿಂತಿತು. ಗ್ರಾಂ ಲೆಕ್ಕದಲ್ಲಿ ತಕ್ಕಡಿ ಇಟ್ಟು ತೂಗಿದ್ದರೂ ಮೂರನೇ ರಾತ್ರಿ ಅನ್ನವೇ ಬರುತ್ತಿತ್ತು.

ನಾನು ಮಾಡುವ ಕ್ರಮ ಒಂದೇ. ಒದ್ದೆ ಇರುವಾಗಲೇ ಪಾಲು ಮಾಡುವುದು. ಬೆಂದ ಅಡುಗೆಯಲ್ಲಿ ಅನ್ನ, ಬೇಳೆ, ಉಪ್ಪು, ಹುಳಿ ಎಲ್ಲ ಒಂದಕ್ಕೊಂದು ಅಂಟಿಕೊಂಡು ಇರುತ್ತವೆ. ಸೌಟಿನಲ್ಲಿ ಎಲ್ಲಿಂದ ತೆಗೆದರೂ ಒಂದೇ ರುಚಿ. ಆಗಲೇ ತೂಗಿ, ಒಂದು ಟ್ರೇಗೆ ಒಂದು ಊಟ ಅಂತ ಹರಡು. ಒಣಗಿದ ಮೇಲೆ ಒಂದೊಂದು ಟ್ರೇಯದ್ದು ಒಂದೊಂದು ಕೊಟ್ಟೆಗೆ, ಅಂದರೆ ಪೊಟ್ಟಣಕ್ಕೆ. ಬೇರೆ ಟ್ರೇಯದ್ದರ ಜೊತೆ ಸೇರಿಸಬೇಡ. ಪುಡಿ ಉದುರಿದರೂ ಅದೇ ಕೊಟ್ಟೆಯೊಳಗೆ ಇರುತ್ತದೆ, ಪೂರ್ತಿ ಪಾತ್ರೆಗೆ ಸುರಿದರೆ ಮುಗಿಯಿತು.

ನನ್ನ ಲೆಕ್ಕ ಹೇಳುತ್ತೇನೆ, ನೋಡು. ಅಕ್ಕಿ 450 ಗ್ರಾಂ, ತೊಗರಿಬೇಳೆ 180 ಗ್ರಾಂ, ತರಕಾರಿ 300 ಗ್ರಾಂ. ಹುಣಸೆ, ಬೆಲ್ಲ, ಉಪ್ಪು, ಪುಡಿ ನಿನ್ನ ರುಚಿಗೆ. ಎಣ್ಣೆ ಹಾಕಬೇಡ, ಹಸಿ ಕಾಯಿಯೂ ಬೇಡ. ಬೆಂದು ಸ್ವಲ್ಪ ತೆಳ್ಳಗೆ ಇರುವಾಗ ಖಾಲಿ ಪಾತ್ರೆಯ ತೂಕ ಕಳೆದು ತೂಗಿದರೆ ನನಗೆ 2,700 ಗ್ರಾಂ ಆಸುಪಾಸು ಬರುತ್ತದೆ. ಆರು ಪಾಲು ಮಾಡಿದರೆ ತಲಾ 450. ಒಣಗಿದ ಮೇಲೆ ಒಂದೊಂದು 115 ಗ್ರಾಂ.

ಈಗ ನೀರಿನ ಲೆಕ್ಕವೂ ಸಿಕ್ಕಿತು ನೋಡು. 450ರಲ್ಲಿ 115 ಕಳೆದರೆ 335. ಅಷ್ಟು ನೀರು ಹಾರಿಹೋಗಿದೆ, ಅಷ್ಟೇ ನೀರು ವಾಪಸ್ ಹಾಕಬೇಕು. ಒಂದು ಗ್ರಾಂ ಅಂದರೆ ಒಂದು ಮಿ.ಲೀ. ಕೊಟ್ಟೆಯ ಮೇಲೆ ಮಾರ್ಕರ್‌ನಲ್ಲಿ '335 ನೀರು' ಅಂತ ಬರೆದಿಡು. ಕುದಿಯುವಾಗ ಆವಿ ಹೋಗುವುದಕ್ಕೆ ಎರಡು ಚಮಚ ಜಾಸ್ತಿ ಹಾಕು. ಮನೆಯಲ್ಲಿ ಮಾಡಿದ ದಿನ ಹೇಗಿತ್ತೋ ಅಷ್ಟೇ ಗಟ್ಟಿ, ಅಷ್ಟೇ ಉಪ್ಪು ಬರುತ್ತದೆ. ಈ ಕಳೆಯುವ ಲೆಕ್ಕ ಹೊಳೆಯುವ ಮೊದಲು ನಾನೂ ಅಂದಾಜಿಗೆ ನೀರು ಹಾಕಿ ಎಷ್ಟೋ ಊಟ ಗಂಜಿ ಮಾಡಿದ್ದೇನೆ.

ಅಡುಗೆಯಲ್ಲಿ ಎಣ್ಣೆ, ತುಪ್ಪ ಬೇಡ ಅಂದಿದ್ದು ಯಾಕೆ ಅಂದರೆ ಅವು ಒಣಗುವುದಿಲ್ಲ. ತಿಂಗಳುಗಟ್ಟಲೆ ಇಟ್ಟರೆ ಕಮಟು ವಾಸನೆ ಬರುತ್ತದೆ, ಊಟವನ್ನೇ ಕೆಡಿಸುತ್ತದೆ. ಆದರೆ ಹೊಟ್ಟೆ ನಿಲ್ಲುವುದು ತುಪ್ಪದಿಂದಲೇ. ಅದನ್ನು ಬೇರೆ ಡಬ್ಬಿಯಲ್ಲಿ ಒಯ್ದು ಊಟ ಬಿಸಿ ಇರುವಾಗ ಹಾಕಿಕೋ. 15 ಗ್ರಾಂ ತುಪ್ಪ ಅಂದರೆ 135 ಕ್ಯಾಲರಿ. ಹುರಿದ ಶೇಂಗಾ 20 ಗ್ರಾಂ ಹಾಕಿದರೆ ಇನ್ನು 110. ಭಾತಿನ 115 ಗ್ರಾಂ 400 ಕೊಡುತ್ತದೆ. ಅಲ್ಲಿಗೆ ರಾತ್ರಿ ಊಟ 650 ಕ್ಯಾಲರಿ, ಹೊತ್ತದ್ದು ಬರೀ 150 ಗ್ರಾಂ. ತುಪ್ಪದ ಡಬ್ಬಿ ಅಗಲ ಬಾಯಿಯದ್ದು ಇರಲಿ. ಚಳಿಗೆ ಗಟ್ಟಿಯಾಗುತ್ತದೆ, ಚಮಚ ಹಾಕಿ ಕೆರೆಯಲು ಬರಬೇಕು. ಕೊಬ್ಬರಿ ಎಣ್ಣೆಯಂತೂ 24 ಡಿಗ್ರಿ ಹತ್ತಿರವೇ ಹೆಪ್ಪುಗಟ್ಟುತ್ತದೆ, ನಮ್ಮ ಶಿರಸಿಯ ಡಿಸೆಂಬರ್‌ನಲ್ಲೇ ಬಾಟಲಿಯಿಂದ ಬರುವುದಿಲ್ಲ.

ಇನ್ನು ಎಷ್ಟು ಗ್ರಾಂ ಅನ್ನುವ ಪ್ರಶ್ನೆ. 115 ನನ್ನದು. ನನಗೆ 52 ವರ್ಷ, ಬೆಳಿಗ್ಗೆಯಿಂದ ತೋಟದಲ್ಲಿ ಓಡಾಡುವವಳು, ರಾತ್ರಿ ಗಟ್ಟಿ ಊಟ ಬೇಕು. ನಿನ್ನದು ನಿನಗೇ ಗೊತ್ತಾಗಬೇಕು. ಮೂರು ದಿನ ರಾತ್ರಿ ಊಟಕ್ಕೆ ಕೂರುವ ಮೊದಲು ತಟ್ಟೆ ತೂಗು. ಬಡಿಸಿಕೊಂಡು ತೂಗು, ತಿಂದು ಮತ್ತೆ ತೂಗು. ಅದರಲ್ಲಿ ಒಂದು ದಿನವಾದರೂ ಚೆನ್ನಾಗಿ ನಡೆದು ಬಂದ ದಿನ ಇರಬೇಕು. ಪ್ಯಾಕೆಟ್ ಮಾಡಿದವರಿಗೆ ನಿನ್ನ ಹೊಟ್ಟೆ ಗೊತ್ತಿಲ್ಲ. ಇಬ್ಬರಿಗೆ ಅಂತ ಬರೆದ ಪ್ಯಾಕೆಟ್ಟುಗಳಲ್ಲಿ ಎಷ್ಟೋ ಒಟ್ಟು 500-600 ಕ್ಯಾಲರಿಯವು. ದಿನವಿಡೀ ಹತ್ತಿದವರಿಗೆ ಅದು ಒಬ್ಬರ ಊಟ. ಮುಂದೆ ಕೊಳ್ಳುವಾಗ ಎಷ್ಟು ಜನಕ್ಕೆ ಅಂತ ನೋಡಬೇಡ, ಹಿಂದೆ ತಿರುಗಿಸಿ ಗ್ರಾಂ, ಕ್ಯಾಲರಿ ನೋಡು.

ಮತ್ತೊಂದು. ಒಬ್ಬಳೇ ಹೋಗುವವಳು ಪಾಲನ್ನು ಎರಡು ಮಾಡಿಟ್ಟುಕೊಳ್ಳುವುದು ಒಳ್ಳೆಯದು. ದೊಡ್ಡ ಕೊಟ್ಟೆ ಸ್ವಲ್ಪ ಸಣ್ಣದೇ ಇರಲಿ. ಜೊತೆಗೆ ಒಂದು ಸಣ್ಣ ಕೊಟ್ಟೆ, 35-40 ಗ್ರಾಂ, ಬೇಗ ನೆನೆಯುವಂಥದ್ದು. ನಾನು ತೊಗರಿಬೇಳೆ ನುಣ್ಣಗೆ ಬೇಯಿಸಿ, ಜೀರಿಗೆ ಮೆಣಸು ಹಾಕಿ, ತೆಳ್ಳಗೆ ಹರಡಿ ಒಣಗಿಸುತ್ತೇನೆ. ಹಪ್ಪಳದ ಹಾಗೆ ಏಳುತ್ತದೆ. ಮಿಕ್ಸಿಗೆ ಹಾಕಿ ಪುಡಿ ಮಾಡಿದರೆ ಬಿಸಿನೀರಿಗೆ ಎರಡೇ ನಿಮಿಷದಲ್ಲಿ ಬೇಳೆಕಟ್ಟು ಆಗುತ್ತದೆ. ಮೊದಲು ದೊಡ್ಡದು ತಿನ್ನು. ಹತ್ತು ನಿಮಿಷ ಬಿಟ್ಟು ಹಸಿವು ಉಳಿದಿದ್ದರೆ ಸಣ್ಣದು ಒಡೆ. ಇಲ್ಲದಿದ್ದರೆ ಅದು ಒಣಗಿಯೇ ನಾಳೆಗೆ ಇರುತ್ತದೆ. ನೆನೆದ ಊಟ ಮಿಕ್ಕಿದರೆ ನೀನು ಅನುಭವಿಸಿದ ಹಾಗೆ ಆ ಭಾರ ಹೊರಬೇಕು. ಒಣ ಊಟ ಮಿಕ್ಕಿದರೆ ಏನೂ ತೊಂದರೆ ಇಲ್ಲ.

ಕುಚಲಕ್ಕಿ ಬೇಡ. ನೀವು ಕರಾವಳಿಯವರಿಗೆ ಅದೇ ಇಷ್ಟ, ಗೊತ್ತು. ಆದರೆ ನಾನು ಒಣಗಿಸಿ ನೋಡಿದಾಗ ಅರ್ಧ ಗಂಟೆ ನೆನೆಸಿದರೂ ನಡುವೆ ಗಟ್ಟಿ ಉಳಿಯಿತು. ತೆಳು ಬಿಳಿ ಅಕ್ಕಿ ಮೆತ್ತಗೆ ಬೇಯಿಸು. ತರಕಾರಿ ಹೆಚ್ಚುವ ಬದಲು ತುರಿ. ಅವರೆ, ಅಲಸಂದೆ ಇಡೀ ಕಾಳು ಬೇಡ.

ಕೊನೆಯದು ಮಳೆ. ನೀನು ಹೋಗುವುದು ಸೆಪ್ಟೆಂಬರ್‌ನಲ್ಲಿ. ಒಣಗಿಸುವುದನ್ನು ಮೇ ಒಳಗೆ ಮುಗಿಸು. ಜೂನ್ ಹಿಡಿದ ಮೇಲೆ ನಮ್ಮ ಕಡೆ ಗಾಳಿಯೇ ಒದ್ದೆ. ಟ್ರೇಯಿಂದ ಕೊಟ್ಟೆಗೆ ಹಾಕುವಷ್ಟರಲ್ಲಿ ಮೆತ್ತಗಾಗುತ್ತದೆ. ನಮ್ಮಲ್ಲಿ ಹಲಸಿನ ಹಪ್ಪಳದ ಡಬ್ಬಿ ಮಳೆಗಾಲ ಪೂರ್ತಿ ಅಡುಗೆಮನೆ ಅಟ್ಟದ ಮೇಲೆ, ಒಲೆಯ ಶಾಖ ಬಡಿಯುವ ಜಾಗದಲ್ಲೇ ಇರುತ್ತದೆ. ನೀನು ಕೊಟ್ಟೆಗಳನ್ನೆಲ್ಲ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡು. ಅದಕ್ಕೂ ಮೊದಲು ಒಂದು ವಾರ ಗಾಜಿನ ಬಾಟಲಿಯಲ್ಲಿ ಹಾಕಿ ನೋಡು. ಒಳಗೋಡೆಗೆ ಬೆವರು ಕಂಡರೆ ಇನ್ನೂ ಒಣಗಬೇಕು. ಚಾಲಿ ಅಡಿಕೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತೇವಲ್ಲ, ಒಳಗೆ ಗಡಗಡ ಅಂದರೆ ಒಣಗಿದೆ ಅಂತ. ಊಟಕ್ಕೂ ಅಂಥದ್ದೇ ಒಂದು ಪರೀಕ್ಷೆ ಇದೆ. ಅನ್ನದ ಕಾಳು ಉಗುರಲ್ಲಿ ಒತ್ತಿದರೆ ಟಕ್ ಅಂತ ಒಡೆಯಬೇಕು, ಬಾಗಬಾರದು.

ಗಡಿಯಿಂದ ಬಂದವ, ಅಂಕೋಲಾ

ಸೇನೆಯಲ್ಲಿದ್ದಾಗ ಲಡಾಖಿನಲ್ಲಿ ಎರಡು ವರ್ಷ ಇದ್ದೆ. ಶಿರಸಿ ಅಕ್ಕ ಹೇಳಿದ್ದಕ್ಕೆ ಎತ್ತರದ ವಿಷಯ ಸೇರಿಸುತ್ತೇನೆ.

ಲೇಹ್ ಇರುವುದೇ ಸುಮಾರು 3,500 ಮೀಟರ್‌ನಲ್ಲಿ. ಮೊದಲ ಎರಡು ಮೂರು ದಿನ ಅಲ್ಲೇ ಸುಮ್ನೆ ಇರಬೇಕು, ಅದು ನಿಮಗೆ ಗೊತ್ತಿರಬಹುದು. ಊಟದ ಮಟ್ಟಿಗೆ ಎರಡು ಬದಲಾವಣೆ ಆಗುತ್ತದೆ.

ಒಂದು, ಹಸಿವು ಸಾಯುತ್ತದೆ. ಕೆಳಗೆ ಎರಡು ಬಟ್ಟಲು ತಿನ್ನುವವರು ಅಲ್ಲಿ ಅರ್ಧ ಬಟ್ಟಲಿಗೆ ಸಾಕು ಅನ್ನುತ್ತಾರೆ. ಮೈಗೆ ಬೇಕಾದದ್ದು ಮಾತ್ರ ಕಡಿಮೆ ಆಗಿರುವುದಿಲ್ಲ. ಹಾಗಾಗಿ ಆರು ದಿನದ ಊಟವನ್ನೂ ಒಂದೇ ಅಳತೆಗೆ ಕಟ್ಟಬೇಡಿ. ಮೊದಲ ಎರಡು ರಾತ್ರಿಯದ್ದು ಸಣ್ಣದಿರಲಿ, ದಿನದಲ್ಲಿ ಕೈಯಲ್ಲೇ ತಿನ್ನುವುದು ಜಾಸ್ತಿ ಇರಲಿ. ಮೂರನೇ ದಿನದಿಂದ ಹಸಿವು ವಾಪಸ್ ಬರುತ್ತದೆ, ಆಗ ದೊಡ್ಡದು ಬೇಕು. ಕೊನೆಗೆ ಕೊಂಗ್ಮಾರು ಲಾ ಹತ್ತುವ ಹಿಂದಿನ ರಾತ್ರಿ ಮತ್ತೆ ಸಣ್ಣದು ಮಾಡಿ. ಆ ಕಣಿವೆದಾರಿ 5,200 ಮೀಟರ್‌ಗೂ ಮೇಲಿದೆ. ಅದರ ಕೆಳಗಿನ ನಿಮಾಲಿಂಗ್ ಬಯಲಿನಲ್ಲಿ ಬಹಳ ಜನಕ್ಕೆ ಊಟ ಇಳಿಯುವುದಿಲ್ಲ. ಖಾರ, ಹುಳಿ ಇದ್ದರೆ ಸ್ವಲ್ಪ ಹೋಗುತ್ತದೆ. ನಾವು ಮನೆಯಿಂದ ಒಯ್ದ ಅಪ್ಪೆಮಿಡಿ ಉಪ್ಪಿನಕಾಯಿಗೆ ಪಂಜಾಬಿನ ಹುಡುಗರೂ ಸಾಲು ನಿಲ್ಲುತ್ತಿದ್ದರು.

ಎರಡನೆಯದು, ನೀರು ಬೇಗ ಕುದಿಯುತ್ತದೆ, ಆದರೆ ಅಷ್ಟು ಬಿಸಿ ಇರುವುದಿಲ್ಲ. ಸುಮಾರು 300 ಮೀಟರ್ ಏರಿದಂತೆ ಒಂದೊಂದು ಡಿಗ್ರಿ ಇಳಿಯುತ್ತದೆ. 4,700 ಮೀಟರ್‌ನಲ್ಲಿ 84 ಡಿಗ್ರಿಗೇ ಕುದಿ ಬರುತ್ತದೆ. ಮನೆಯಲ್ಲಿ ಹದಿನೈದು ನಿಮಿಷಕ್ಕೆ ನೆನೆದದ್ದು ಅಲ್ಲಿ ಅರ್ಧ ಗಂಟೆ ಕೇಳುತ್ತದೆ, ಅಷ್ಟರಲ್ಲಿ ತಣ್ಣಗಾಗಿರುತ್ತದೆ. ಪಾತ್ರೆಗೆ ಮುಚ್ಚಳ ಹಾಕಿ, ಉಣ್ಣೆ ಟೋಪಿಯೊಳಗೆ ಇಟ್ಟು, ಜಾಕೆಟ್ ಸುತ್ತಿ ಇಡಿ. ತಣ್ಣೀರಿನಲ್ಲಿ ಮೊದಲೇ ಹತ್ತು ನಿಮಿಷ ನೆನೆಸಿ ಆಮೇಲೆ ಒಲೆಗೆ ಇಟ್ಟರೆ ಗ್ಯಾಸೂ ಉಳಿಯುತ್ತದೆ.

ಗ್ಯಾಸ್ ಕ್ಯಾನಿಸ್ಟರ್ ವಿಮಾನದಲ್ಲಿ ಬಿಡುವುದಿಲ್ಲ. ಲೇಹ್‌ನಲ್ಲೇ ಕೊಳ್ಳಿ.

ಕುಮಟಾದಿಂದ ಒಬ್ಬಳು ನರ್ಸ್

ಒಂದೇ ಮಾತು, ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಬೆಂದ ಅನ್ನವನ್ನು ಬಿಸಿಲಿಗೆ ಹಾಕಿ ಒಣಗಿಸಬೇಡಿ. ಹಪ್ಪಳ, ಸಂಡಿಗೆ ಒಣಗಿಸಿದ ಅಭ್ಯಾಸ ಇರುವ ನಮಗೆ ಅದು ಸುಲಭ ಅನಿಸುತ್ತದೆ. ಹಪ್ಪಳ ತೆಳು, ಬೇಗ ಒಣಗುತ್ತದೆ, ಆಮೇಲೆ ಕಾದ ಎಣ್ಣೆಗೆ ಬೀಳುತ್ತದೆ. ಅನ್ನ ಹಾಗಲ್ಲ. ಬೆಂದ ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಉಳಿದರೆ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಬಿಡುವ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ವಾಂತಿ, ಭೇದಿ ಮನೆಯಲ್ಲಿದ್ದಾಗಲೇ ಕಷ್ಟ, ಬೆಟ್ಟದ ಮೇಲೆ ಒಬ್ಬರೇ ಇದ್ದಾಗ ಬಹಳ ಅಪಾಯ.

ಡಿಹೈಡ್ರೇಟರ್ 57ರಿಂದ 60 ಡಿಗ್ರಿಗೆ ಇಡಿ. ಅಡುಗೆ ಆದ ತಕ್ಷಣ ಹರಡಿ, ರಾತ್ರಿ ಪಾತ್ರೆಯಲ್ಲೇ ಬಿಟ್ಟು ಬೆಳಿಗ್ಗೆ ಶುರು ಮಾಡಬೇಡಿ. ನಡುವೆ ಕರೆಂಟ್ ಹೋಗಿ ಎರಡು ಮೂರು ಗಂಟೆ ಬರದೇ ಇದ್ದರೆ, ಅರ್ಧ ಒಣಗಿದ್ದನ್ನು ಬೆಟ್ಟಕ್ಕೆ ಒಯ್ಯಬೇಡಿ.

ಬೇಲೆಕೇರಿ ಒಣಮೀನು

ತಂಗಿ ಕಾರವಾರದವಳು ಅಂದಮೇಲೆ ಮೀನು ತಿನ್ನುತ್ತಾಳೆ ಅಂದುಕೊಂಡಿದ್ದೇನೆ. ಒಣ ಸೀಗಡಿ ಯಾಕೆ ಯಾರೂ ಹೇಳಲಿಲ್ಲ? ನಮ್ಮ ಸಮುದ್ರ ಒಣಗಿಸಿಯೇ ಕೊಟ್ಟಿದೆ. ತಲೆ, ಬಾಲ ತೆಗೆದು, ಮರಳು ಹೋಗುವ ಹಾಗೆ ಎರಡು ಸಲ ತೊಳೆದು, ಆರಿಸಿ, ಬಾಣಲೆಯಲ್ಲಿ ಗರಿಗರಿ ಹುರಿಯಿರಿ. ಒಂದು ಊಟಕ್ಕೆ 10 ಗ್ರಾಂ ಸಾಕು. ಅದಕ್ಕಿಂತ ಜಾಸ್ತಿ ಹಾಕಿದರೆ ಉಪ್ಪು ಏರುತ್ತದೆ, ಬಾಯಾರಿಕೆ ಆಗುತ್ತದೆ. ಭಾತಿನ ಉಪ್ಪನ್ನೂ ಅದಕ್ಕೆ ತಕ್ಕ ಹಾಗೆ ಕಡಿಮೆ ಮಾಡಿ. ಬಿಗಿ ಮುಚ್ಚಳದ ಸಣ್ಣ ಬಾಟಲಿಯಲ್ಲೇ ಒಯ್ಯಿರಿ, ಕವರ್ ಸಾಲದು. ವಾಸನೆ ಬಟ್ಟೆಗೆ ಹತ್ತಿದರೆ ಆರು ದಿನ ಹೋಗುವುದಿಲ್ಲ. ರಾತ್ರಿ ಟೆಂಟಿನ ಹತ್ತಿರ ನಾಯಿಗಳೂ ಬರುತ್ತವೆ.

ಕೋಡಿಬಾಗದವಳು, ಕಾರವಾರ

ಅಕ್ಕಾ, ನಿಮ್ಮ ಉತ್ತರವನ್ನು ಮೂರು ಸಲ ಓದಿದೆ. ಒದ್ದೆ ತೂಕದಲ್ಲಿ ಒಣ ತೂಕ ಕಳೆದರೆ ನೀರು. ಇಷ್ಟು ಸರಳ ಲೆಕ್ಕ ನನಗೆ ಹೊಳೆದಿರಲಿಲ್ಲ. ಎಲ್ಲರಿಗೂ ಧನ್ಯವಾದ. ನರ್ಸ್ ಅಕ್ಕ ಹೇಳಿದ್ದು ಅಮ್ಮನಿಗೂ ಓದಿ ಹೇಳಿದೆ. ಅವರು ಟೆರೇಸ್ ಮೇಲೆ ಚಾಪೆ ಹಾಸಿ ಒಣಗಿಸು ಅಂತಿದ್ದರು.

ಒಂದು ಅನುಮಾನ ಉಳಿದಿದೆ. ಇದು ರಾತ್ರಿ ಊಟದ ಲೆಕ್ಕ. ದಿನ ಪೂರ್ತಿಗೆ ಎಷ್ಟು ಹೊರಬೇಕು? ಕಳೆದ ಸಲ ದಿನಕ್ಕೆ 400 ಗ್ರಾಂ ಒಯ್ದಿದ್ದೆ.

ಅಟ್ಟದಮನೆ, ಶಿರಸಿ

400 ಕಡಿಮೆ ಆಯಿತು. ನನ್ನದು ದಿನಕ್ಕೆ 590 ಗ್ರಾಂ, 2,500 ಕ್ಯಾಲರಿ ಹತ್ತಿರ. ಅದರಲ್ಲಿ ಒಲೆ ಹಚ್ಚುವ ಊಟ ಅರ್ಧಕ್ಕಿಂತ ಕಡಿಮೆ. ಬೆಳಿಗ್ಗೆ ತೆಳು ಅವಲಕ್ಕಿ 70 ಗ್ರಾಂ, ಹಾಲಿನ ಪುಡಿ 20, ಬೆಲ್ಲದ ಪುಡಿ 20. ತಣ್ಣೀರಿಗೂ ನೆನೆಯುತ್ತದೆ, ಬೆಳಿಗ್ಗೆ ಗ್ಯಾಸ್ ಖರ್ಚಿಲ್ಲ. ಮಧ್ಯಾಹ್ನ ಹುರಿದ ರವೆಯ ಉಪ್ಪಿಟ್ಟು 90, ತುಪ್ಪ 10. ಮಲಗುವಾಗ ಹಾಲಿನ ಪುಡಿ, ಬೆಲ್ಲ ಸೇರಿ 40.

ನಡೆಯುವಾಗ ತಿನ್ನುವ ಕೊಟ್ಟೆ 190 ಗ್ರಾಂ. ಶೇಂಗಾ ಚಿಕ್ಕಿ, ಹುರಿಗಡಲೆ, ಗೋಡಂಬಿ, ಮತ್ತೆ ಸುಕೇಳಿ. ಬಾಳೆಹಣ್ಣು ಒಣಗಿಸಿದ ನಮ್ಮ ಸುಕೇಳಿಗಿಂತ ಒಳ್ಳೆಯ ದಾರಿತಿಂಡಿ ನನಗೆ ಬೇರೆ ಸಿಕ್ಕಿಲ್ಲ. ಶಿರಸಿ, ಯಲ್ಲಾಪುರದ ಅಂಗಡಿಗಳಲ್ಲಿ ಸಿಗುತ್ತದೆ. ಚಳಿಗೆ ಗಟ್ಟಿಯಾಗುತ್ತದೆ, ಮೊದಲೇ ತುಂಡು ಮಾಡಿಟ್ಟುಕೋ. ಈ ಕೊಟ್ಟೆಯನ್ನು ದಿನಕ್ಕೊಂದು ಅಂತ ಬೇರೆ ಬೇರೆ ಕಟ್ಟು. ಆರು ದಿನದ್ದು ಒಟ್ಟಿಗೆ ಇದ್ದರೆ ಮೊದಲ ಮೂರು ದಿನದಲ್ಲೇ ಗೋಡಂಬಿ ಖಾಲಿ.

ಮುರುಗಲು (ಕೋಕಂ) ಸಿಪ್ಪೆ ಒಣಗಿದ್ದು ಒಂದು ಹಿಡಿ ಇರಲಿ. ಬಿಸಿನೀರಿಗೆ ಮೂರು ಸಿಪ್ಪೆ, ಬೆಲ್ಲ, ಚಿಟಿಕೆ ಉಪ್ಪು. ಊಟ ಸೇರದ ದಿನ ಇದು ಬಾಯಿಗೆ ರುಚಿ ತರುತ್ತದೆ. ತೂಕವೇ ಇಲ್ಲ.

ಎಲ್ಲ ಕಟ್ಟುವ ಮೊದಲು ಒಂದು ದಿನ ನಡೆದು, ಅಲ್ಲೇ ನೆನೆಸಿ ತಿಂದು ನೋಡು. ಅಡುಗೆಮನೆಯಲ್ಲಿ ಕೂತು ತಿಂದರೆ ಲೆಕ್ಕ ಸಿಗುವುದಿಲ್ಲ.

ಕೋಡಿಬಾಗದವಳು, ಕಾರವಾರ

ಭಾನುವಾರ ನೋಡಿ ಬಂದೆ, ಅಕ್ಕಾ.

ನೀವು ಹೇಳಿದ ಅಳತೆಯಲ್ಲೇ ಶುಕ್ರವಾರ ಭಾತ್ ಮಾಡಿದೆ. ಪಾತ್ರೆ ಕಳೆದು 2,640 ಗ್ರಾಂ ಬಂತು. ಆರು ಟ್ರೇಗೆ 440ರಂತೆ ಹರಡಿದೆ, ಬಟರ್ ಪೇಪರ್ ಹಾಕಿ. ಒಂಬತ್ತು ಗಂಟೆ ತೆಗೆದುಕೊಂಡಿತು, ಐದನೇ ಗಂಟೆಗೆ ಒಮ್ಮೆ ಮಗುಚಿದೆ. ತೂಗಿದಾಗ 112, 114, 113, 113, 115, 112. ಆರೂ ಹೆಚ್ಚುಕಡಿಮೆ ಒಂದೇ! ಇದನ್ನು ನೋಡಿ ಆದ ಖುಷಿ ಹೇಳಲಾರೆ.

ಬೆಳಿಗ್ಗೆ ಮೊದಲ ರೈಲು ಹಿಡಿದು ಕುಮಟಾಕ್ಕೆ ಹೋದೆ. ವನ್ನಳ್ಳಿಯಿಂದ ದಂಡೆ ಹಿಡಿದು ಉತ್ತರಕ್ಕೆ ನಡೆದೆ. ಆರು ದಿನಕ್ಕೆ ಎಷ್ಟು ಭಾರ ಹೊರಬೇಕೋ ಅಷ್ಟೇ ಬೆನ್ನಿಗೆ ಹಾಕಿದ್ದೆ, ಟೆಂಟ್ ಸಮೇತ. ಕಾಗಾಲ ದಾಟಿ ಅಘನಾಶಿನಿಯಲ್ಲಿ ದೋಣಿ ಹತ್ತಿ ತದಡಿಗೆ ಇಳಿದೆ. ದೋಣಿಯಲ್ಲಿದ್ದ ಅಜ್ಜಿಯೊಬ್ಬರು ಇಷ್ಟು ದೊಡ್ಡ ಚೀಲದಲ್ಲಿ ಏನು ಮಾರಲು ತಂದಿದ್ದೀ ಅಂತ ಕೇಳಿದರು. ಊಟ ಅಂದೆ. ಎಷ್ಟು ಜನಕ್ಕೆ ಅಂದರು.

ಬೇಲೆಕಾನದ ಮರಳ ಮೇಲೆ ನೆರಳಲ್ಲಿ ಕೂತು ನೆನೆಸಿದೆ. ಫ್ಲಾಸ್ಕಿನಲ್ಲಿ ಮನೆಯಿಂದಲೇ ಕುದಿನೀರು ಒಯ್ದಿದ್ದೆ. ಒಂದು ಕೊಟ್ಟೆ 113 ಗ್ರಾಂ, ನೀರು 330. ಪಾತ್ರೆ ಮುಚ್ಚಿ ಟವೆಲ್ ಸುತ್ತಿ ಇಪ್ಪತ್ತೈದು ನಿಮಿಷ ಇಟ್ಟೆ. ಬಿಚ್ಚಿದಾಗ ಶುಕ್ರವಾರ ಸೌಟಿನಲ್ಲಿ ಎತ್ತಿದ ಅದೇ ಭಾತ್. ಉಪ್ಪು ಸರಿ, ಹುಳಿ ಸರಿ. ತುಪ್ಪ, ಶೇಂಗಾ ಹಾಕಿ ಸೀಗಡಿ ಉದುರಿಸಿದೆ. ಕ್ಯಾರೆಟ್ ಮಾತ್ರ ಹೆಚ್ಚಿ ಹಾಕಿದ್ದೆ, ಹಲ್ಲಿಗೆ ಗಟ್ಟಿ ಸಿಕ್ಕಿತು. ಮುಂದಿನ ಸಲ ತುರಿಯುತ್ತೇನೆ.

ಆದರೆ ಪೂರ್ತಿ ಮುಗಿಸಲು ಆಗಲಿಲ್ಲ. ಉಳಿದದ್ದನ್ನು ಪಾತ್ರೆ ಸಮೇತ ಮನೆಗೆ ತಂದು ತೂಗಿದೆ, 96 ಗ್ರಾಂ. ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ಅಂದರೆ ನನ್ನ ಊಟ ಒಣ ತೂಕದಲ್ಲಿ 88 ಗ್ರಾಂ. ಬಿಸಿಲೂ ಇತ್ತು, ಅದೂ ಒಂದು ಕಾರಣ ಇರಬಹುದು. ಓಂ ಬೀಚ್ ಹತ್ತಿ ಇಳಿದು ಕುಡ್ಲೆ ಮುಟ್ಟುವಾಗ ಸಂಜೆ ಆಗಿತ್ತು, ಆಗ ಜೋರು ಹಸಿವು. ಸಣ್ಣ ಕೊಟ್ಟೆಯ ಬೇಳೆಕಟ್ಟು ಕುಡಿದೆ. 35 ಗ್ರಾಂ. ಅಲ್ಲಿಗೆ ಸರಿಹೋಯಿತು, ಗೋಕರ್ಣ ಬಸ್‌ಸ್ಟ್ಯಾಂಡ್‌ವರೆಗೆ ಏನೂ ಬೇಕೆನಿಸಲಿಲ್ಲ.

ಹಾಗಾಗಿ ಅದೇ ಪಾತ್ರೆ ಅಡುಗೆಯನ್ನು ಇನ್ನು ಎಂಟು ಪಾಲು ಮಾಡುತ್ತೇನೆ. ಒದ್ದೆ 330, ಒಣ 85 ಹತ್ತಿರ, ನೀರು 245. ಆರು ಟ್ರೇ ಒಮ್ಮೆ, ಉಳಿದೆರಡು ಪಾಲು ಕೂಡಲೇ ಫ್ರಿಜ್ಜಿಗೆ, ಮರುದಿನದ ಸರದಿಗೆ. ಪ್ರತಿ ರಾತ್ರಿಗೆ ಒಂದು ಬೇಳೆಕಟ್ಟಿನ ಕೊಟ್ಟೆ. ಅಂಕೋಲಾ ಅಣ್ಣ ಹೇಳಿದ ಹಾಗೆ ಮೂರು, ನಾಲ್ಕನೇ ರಾತ್ರಿಗೆ ಮಾತ್ರ ಎರಡೆರಡು. ಕೊಟ್ಟೆ ಮೇಲೆ ರಾತ್ರಿಯ ನಂಬರ್, ನೀರು ಎರಡೂ ಬರೆದೆ. ಕೊಂಗ್ಮಾರು ಲಾ ಹಿಂದಿನ ರಾತ್ರಿಯದ್ದರ ಜೊತೆ ಮುರುಗಲು ಸಿಪ್ಪೆ ಕಟ್ಟಿದೆ.

ಅಕ್ಕಾ, ಸುಕೇಳಿ ಕಾರವಾರದಲ್ಲಿ ಎರಡು ಅಂಗಡಿ ಕೇಳಿದೆ, ಸಿಗಲಿಲ್ಲ. ಮುಂದಿನ ವಾರ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುವುದಿದೆ. ಯಾವ ಪೇಟೆಯಲ್ಲಿ ಕೇಳಲಿ?

ಅಟ್ಟದಮನೆ, ಶಿರಸಿ

ಅಂಗಡಿ ಯಾಕೆ ಹುಡುಕುತ್ತೀ. ಬಾ, ನಮ್ಮ ಮನೆಯಲ್ಲೇ ಇದೆ, ಈ ಸಲದ ಬಿಸಿಲಿಗೆ ಚೆನ್ನಾಗಿ ಬಂದಿದೆ. ಆರು ದಿನಕ್ಕೆ 50 ಗ್ರಾಂನಂತೆ 300. ತೂಗಿ ಇಡುತ್ತೇನೆ.